ಬಸೂನಿಗಾಗಿ ಪಿಟೀಲುಗಳನ್ನು ಹೊರಗಿಟ್ಟರು

1975ರಲ್ಲಿ ಸೋವಿಯತ್ ಸಂಗೀತ ರಚನಕಾರ್ತಿ ಸೋಫಿಯಾ ಗುಬೈದುಲಿನಾ ಬಸೂನ್ ಎಂಬ ಊದುವ ವಾದ್ಯಕ್ಕೆಂದು ಒಂದು ಕಾನ್ಚೆರ್ಟೊ ಬರೆದರು. ಕಾನ್ಚೆರ್ಟೊ ಅಂದರೆ ಒಂದು ವಾದ್ಯ ಮುಂದೆ, ಇಡೀ ಆರ್ಕೆಸ್ಟ್ರಾ ಹಿಂದೆ. ಇಲ್ಲಿ ಹಿಂದೆ ಕೂತವರು ಏಳೇ ಜನ: ನಾಲ್ಕು ಚೆಲ್ಲೊ, ಮೂರು ಡಬಲ್ ಬಾಸ್, ಎರಡೂ ತಗ್ಗು ದನಿಯ ದೊಡ್ಡ ತಂತಿವಾದ್ಯಗಳು. ಪಿಟೀಲು ಒಂದೂ ಇಲ್ಲ.

ಪಿಟೀಲುಗಳ ಜೊತೆ ಬಸೂನಿಗೆ ಹಳೇ ತಾಪತ್ರಯವಿದೆ. ನಾದಸ್ವರದ ಹಾಗೆ ಇದೂ ಜೋಡಿ ರೀಡಿನ ವಾದ್ಯವೇ, ಆದರೆ ಆ ಗಟ್ಟಿ ದನಿ ಇದಕ್ಕಿಲ್ಲ. ಸುಮಾರು ಎರಡೂವರೆ ಮೀಟರ್ ಕೊಳವೆಯನ್ನು ಮಡಚಿದ ಈ ವಾದ್ಯದ ದನಿ ತಗ್ಗು, ಮೆತ್ತಗೆ. ಹತ್ತಾರು ಪಿಟೀಲು ಒಟ್ಟಿಗೆ ಜೋರಾಗಿ ನುಡಿದರೆ ಮುಳುಗಿಯೇ ಹೋಗುತ್ತದೆ.

18ನೇ ಶತಮಾನದಲ್ಲಿ ಆರ್ಕೆಸ್ಟ್ರಾಗಳು ಚಿಕ್ಕವು, ಹಾಗಾಗಿ ಚಿಂತೆ ಇರಲಿಲ್ಲ. ಇಟಲಿಯ ರಚನಕಾರ ವಿವಾಲ್ಡಿ ಒಬ್ಬರದ್ದೇ 39 ಬಸೂನ್ ಕಾನ್ಚೆರ್ಟೊಗಳಿವೆ, ಎರಡು ಅರ್ಧಕ್ಕೇ ನಿಂತವು. ಮೊಜಾರ್ಟ್ 1774ರಲ್ಲಿ ಬರೆದಾಗ ಅವರಿಗೆ 18 ವರ್ಷ. 1811ರಲ್ಲಿ ವೇಬರ್ ಒಂದು ಬರೆದರು. ಆಮೇಲೆ ಆರ್ಕೆಸ್ಟ್ರಾ ಬೆಳೆಯಿತು, ಸಭಾಂಗಣ ಬೆಳೆಯಿತು, ಮೆರೆದದ್ದು ಪಿಯಾನೊ ಮತ್ತು ಪಿಟೀಲು. ಬ್ರಾಹ್ಮ್ಸ್, ಚೈಕೋವ್ಸ್ಕಿಯಂಥ ದೊಡ್ಡ ರಚನಕಾರರು ಬಸೂನಿಗೆ ಒಂದು ಕಾನ್ಚೆರ್ಟೊವನ್ನೂ ಬರೆಯಲಿಲ್ಲ. 1913ರಲ್ಲಿ ರಚನಕಾರ ಸ್ಟ್ರಾವಿನ್ಸ್ಕಿ ತಮ್ಮ 'ದ ರೈಟ್ ಆಫ್ ಸ್ಪ್ರಿಂಗ್' ಬ್ಯಾಲೆಯನ್ನು ಒಂಟಿ ಬಸೂನಿನ ಎತ್ತರದ ಸ್ವರದಿಂದ ಶುರುಮಾಡಿದರು. ಈ ವಾದ್ಯಕ್ಕೆ ಅಂಥ ಗಂಟಲೂ ಇದೆ ಅಂತ ಗೊತ್ತಾಯಿತು.

ಗುಬೈದುಲಿನಾ ಬರೆದದ್ದು ವಾಲೆರಿ ಪೊಪೊವ್ ಎಂಬ ವಾದಕರಿಗಾಗಿ. ಅವರ ಉಸಿರು, ತುಟಿ ಏನೇನು ಮಾಡಬಲ್ಲವೋ ಅದೆಲ್ಲ ಇದರಲ್ಲಿದೆ. ಒಂದೇ ಊದಿಗೆ ಎರಡು ಮೂರು ಸ್ವರ ಒಟ್ಟಿಗೆ ಸೀಳಿ ಬರುತ್ತವೆ. ಪಿಟೀಲು ತೆಗೆದದ್ದು ಸುಮ್ನೆ ಜಾಗ ಬಿಡಲಿಕ್ಕೆ ಅಂದುಕೊಂಡರೆ ತಪ್ಪು. ಚೆಲ್ಲೊ, ಬಾಸ್‌ಗಳು ಬಸೂನಿನ ತಗ್ಗು ಸ್ಥಾಯಿಯಲ್ಲೇ ಓಡಾಡುತ್ತವೆ. ಕೆಣಕುತ್ತವೆ, ಸುತ್ತುವರಿಯುತ್ತವೆ. ನನಗಂತೂ ಇದು ಒಬ್ಬ ಮನುಷ್ಯ ಮತ್ತು ಒಂದು ಗುಂಪಿನ ಜಗಳದಂತೆ ಕೇಳಿಸುತ್ತದೆ. ಐದು ಭಾಗಗಳಲ್ಲೂ ಆರಾಮ ಕಡಿಮೆ.

ಹತ್ತು ವರ್ಷದ ನಂತರ ಪೋಲೆಂಡ್ ಮೂಲದ ರಚನಕಾರ ಪನುಫ್ನಿಕ್ ತಮ್ಮ ಬಸೂನ್ ಕಾನ್ಚೆರ್ಟೊವನ್ನು 1984ರಲ್ಲಿ ಪೋಲೆಂಡಿನ ರಹಸ್ಯ ಪೊಲೀಸರು ಕೊಂದ ಪಾದ್ರಿ ಪೊಪಿಯೆವುಶ್ಕೊ ಅವರ ನೆನಪಿಗೆ ಅರ್ಪಿಸಿದರು. ಹಾಸ್ಯಕ್ಕಷ್ಟೇ ಲಾಯಕ್ಕು ಅಂತ ಹೆಸರಾಗಿದ್ದ ವಾದ್ಯಕ್ಕೆ ಶೋಕದ ಕೆಲಸ ಬಂತು.

ಸಿನಿಮಾ ಸಂಗೀತದ ಜಾನ್ ವಿಲಿಯಮ್ಸ್ ಬೇರೆ ದಾರಿ ಹಿಡಿದರು. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನ ಮುಖ್ಯ ಬಸೂನ್ ವಾದಕಿಯಾಗಿದ್ದ ಜುಡಿತ್ ಲೆಕ್ಲೇರ್ ಅವರಿಗೆ ಬರೆದ 'ದ ಫೈವ್ ಸೇಕ್ರೆಡ್ ಟ್ರೀಸ್' 1995ರಲ್ಲಿ ಮೊದಲು ನುಡಿಯಿತು. ಆರ್ಕೆಸ್ಟ್ರಾ ದೊಡ್ಡದೇ. ಆದರೆ ಶುರುವಿನಲ್ಲಿ ಬಸೂನ್ ಒಂದೇ ನುಡಿಯುತ್ತದೆ. ಮುಂದೆ ಒಂದು ಕಡೆ ಜೊತೆಗೆ ಒಂಟಿ ಪಿಟೀಲು, ಇನ್ನೊಂದು ಕಡೆ ಹಾರ್ಪ್ ಎಂಬ ತಂತಿವಾದ್ಯ. ಗುಬೈದುಲಿನಾ ಕೇಳಿ ತಲೆ ಬಿಸಿಯಾದವರು ಇದನ್ನೇ ಮೊದಲು ಕೇಳಬಹುದು. ಲೆಕ್ಲೇರ್ ಅವರೇ ನುಡಿಸಿದ ರೆಕಾರ್ಡಿಂಗ್ ಇದೆ.