ಸಹಿ ಹಾಕಿದ್ದು ಮಹಾರಾಜರು, ಹೊರಬರುವ ಹಕ್ಕು ಯಾರದು?

ಓದುಗರ ಪ್ರಶ್ನೆ: ಭಾರತಕ್ಕೆ ಸೇರುವಾಗ ಮೈಸೂರು ಮಹಾರಾಜರು ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರನ್ನು ಮಾತ್ರ ಕೇಂದ್ರಕ್ಕೆ ಬಿಟ್ಟುಕೊಟ್ಟು ಸಹಿ ಹಾಕಿದ್ದರು. ಹಾಗಿದ್ದರೆ ಭಾರತದಿಂದ ಹೊರಬರುವ ಹಕ್ಕು ಕರ್ನಾಟಕಕ್ಕೆ ಇದೆಯಲ್ಲವೇ?

ಇಲ್ಲ. ಬೆಂಗಳೂರಿನ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂಬ ಚರ್ಚೆ ಎದ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ, ಮಾತು ಅದೇ. ಒಕ್ಕೂಟವು ರಾಜ್ಯಗಳು ಕೂಡಿ ಮಾಡಿಕೊಂಡ ಒಪ್ಪಂದವಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಹೇಳಿದ್ದಾರೆ. ರಾಜ್ಯಗಳು ಸಾರ್ವಭೌಮವಲ್ಲವೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಪಶ್ಚಿಮ ಬಂಗಾಳದ ಕಲ್ಲಿದ್ದಲು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಇನ್ನು ಆ ಸಹಿ. ಜಯಚಾಮರಾಜ ಒಡೆಯರ್ 1947ರ ಆಗಸ್ಟ್‌ನಲ್ಲಿ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ್ದು ನಿಜ, ಮೂರು ವಿಷಯಗಳೂ ನಿಜ. ಓದು ಅಲ್ಲಿಗೇ ನಿಂತರೆ ಹೇಗೆ? ಭಾರತದ ಸಂವಿಧಾನವೇ ಮೈಸೂರಿಗೂ ಅನ್ವಯವೆಂದು 1949ರ ನವೆಂಬರ್ 25ರಂದು ಘೋಷಣೆ ಹೊರಡಿಸಿದವರೂ ಇದೇ ಮಹಾರಾಜರು. ಹಳೆಯ ಪತ್ರ ಹಿಡಿದು ಕೋರ್ಟಿಗೆ ಹೋಗುವ ದಾರಿಯನ್ನು 363ನೇ ವಿಧಿ ಮುಚ್ಚಿದೆ.

ಅದೂ ಇರಲಿ. ಧಾರವಾಡ, ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು, ಮಂಗಳೂರು ಮದ್ರಾಸಿನಲ್ಲಿ, ಬೀದರ್, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿ, ಕೊಡಗು ಬೇರೆಯೇ. ಇವರ ಪರವಾಗಿ ಒಡೆಯರು ಯಾವಾಗ ಸಹಿ ಹಾಕಿದರು? (ನಮ್ಮ ಹಲಸೂರು, ಶಿವಾಜಿನಗರಗಳಿದ್ದ ದಂಡು ಪ್ರದೇಶವೇ 1947ರವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು.) 1956ರ ನವೆಂಬರ್ 1ರಂದು ಇವನ್ನೆಲ್ಲ ಒಂದಾಗಿ ಜೋಡಿಸಿದ್ದು ಸಂಸತ್ತಿನ ಕಾನೂನು. ಬಾವುಟ ಹಾರಿಸಿ ರಾಜ್ಯೋತ್ಸವ ಮಾಡುವವರೇ ಮರುದಿನ ಮಹಾರಾಜರ ಸಹಿಯ ಮಾತೆತ್ತಿದರೆ ನಾನೇನು ಹೇಳಲಿ? 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ, ಹೆಸರು ಬದಲಿಸಲು ಸಂಸತ್ತಿಗೆ ನಮ್ಮ ಶಾಸಕಾಂಗದ ಒಪ್ಪಿಗೆಯೂ ಬೇಕಿಲ್ಲ, ಅಭಿಪ್ರಾಯ ಕೇಳಿದರೆ ಸಾಕು.

ಹಾಗೆಂದು ದೆಹಲಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. 1989ರಲ್ಲಿ ಕೇಂದ್ರ ವಜಾ ಮಾಡಿದ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಪ್ರಕರಣದಲ್ಲೇ 1994ರಲ್ಲಿ ಒಕ್ಕೂಟ ತತ್ವ ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಬರ ಪರಿಹಾರಕ್ಕಾಗಿ ಕರ್ನಾಟಕ ಅದೇ ಕೋರ್ಟಿನ ಮೆಟ್ಟಿಲು ಹತ್ತಿತು. ಜಗಳವಾಡಲು ದಾರಿಗಳಿವೆ.

ಯಾರೂ ಕೇಳದ ಪ್ರಶ್ನೆಯೊಂದಿದೆ, ನನಗೆ ಅದೇ ಇಷ್ಟ: ಕೇಂದ್ರವೇ ರಾಜ್ಯದ ನೆಲವನ್ನು ಪರದೇಶಕ್ಕೆ ಕೊಡಬಹುದೇ? 1958ರಲ್ಲಿ ಬಂಗಾಳದ ಬೇರುಬಾರಿಯ ಅರ್ಧ ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು ನೆಹರೂ ಒಪ್ಪಿದ್ದರು. ಅದಕ್ಕೆ 3ನೇ ವಿಧಿ ಸಾಲದು, ಸಂವಿಧಾನವನ್ನೇ ತಿದ್ದಬೇಕು ಎಂದಿತು ಸುಪ್ರೀಂ ಕೋರ್ಟ್. 1960ರಲ್ಲಿ ತಿದ್ದುಪಡಿಯೂ ಆಯಿತು. ಆದರೆ ಹಸ್ತಾಂತರ ನಡೆಯಲೇ ಇಲ್ಲ. 1974ರಲ್ಲಿ ಬಾಂಗ್ಲಾದೇಶದೊಂದಿಗೆ ಹೊಸ ಒಪ್ಪಂದವಾಗಿ ಆ ನೆಲ ಭಾರತದಲ್ಲೇ ಉಳಿಯಿತು.