ಸಸಿ ನೆಡಲು ದುಡ್ಡಿದೆ, ನೀರು ಹಾಕಲು ಯಾರಿದ್ದಾರೆ? ಬೆಂಗಳೂರಿನ ಸರ್ಕಾರಿ ಶಾಲೆಗಳ ಪರಿಸರ ಪಾಠ ನಡೆದು ಬಂದ ದಾರಿ

ಬೆಂಗಳೂರಿನ ಯಾವುದೇ ಸರ್ಕಾರಿ ಶಾಲೆಯ ನಾಲ್ಕನೇ ಕ್ಲಾಸಿನ ಮಗುವಿನ ಚೀಲ ತೆರೆದು ನೋಡಿ. ಕನ್ನಡ, ಗಣಿತದ ಪಕ್ಕದಲ್ಲಿ ಪರಿಸರ ಅಧ್ಯಯನದ ಪುಸ್ತಕ ಇರುತ್ತದೆ. ಎಷ್ಟೋ ಶಾಲೆಗಳ ಗೋಡೆ ಮೇಲೆ ಮರ, ಹಕ್ಕಿ, ಮಳೆನೀರಿನ ಚಿತ್ರಗಳಿವೆ. ಪರಿಸರ ಚಟುವಟಿಕೆಗೆ ಮಕ್ಕಳ ಇಕೋ ಕ್ಲಬ್ ಇದೆ, ಅದಕ್ಕೊಬ್ಬ ಉಸ್ತುವಾರಿ ಶಿಕ್ಷಕಿ ಇದ್ದಾರೆ. ಆದರೂ ಎಷ್ಟೋ ಅಂಗಳಗಳಲ್ಲಿ ಒಣಗಿದ ಕಡ್ಡಿಯ ಸುತ್ತ ಟ್ರೀ ಗಾರ್ಡ್ ಮಾತ್ರ ನಿಂತಿರುತ್ತದೆ. ಶಿಕ್ಷಕರಿಗೆ ಕಾಳಜಿ ಇಲ್ಲ ಅಂತ ಹೇಳಿಬಿಡುವುದು ಸುಲಭ. ಆದರೆ ಅದು ಸುಳ್ಳು. ಈ ಪಾಠ ಶಾಲೆಗೆ ಹೇಗೆ ಬಂತು, ಯಾರ ಆದೇಶದಲ್ಲಿ ಬಂತು, ಅದರ ಹಿಂದೆ ದುಡ್ಡು ಎಷ್ಟು ಬಂತು ಅಂತ ನೋಡಿದರೆ ಆ ಕಡ್ಡಿ ಯಾಕೆ ಒಣಗಿತು ಅನ್ನೋದು ಗೊತ್ತಾಗುತ್ತದೆ.

ಗಿಡ ನೆಡುವ ಹಬ್ಬ ನಮಗೆ ಹೊಸದಲ್ಲ. ಕೆ.ಎಂ. ಮುನ್ಶಿ ಕೇಂದ್ರ ಸಚಿವರಾಗಿದ್ದಾಗ, 1950ರಲ್ಲಿ ವನಮಹೋತ್ಸವ ಶುರುವಾಯಿತು. ಜುಲೈ ಬಂದರೆ ಶಾಲೆಯಲ್ಲಿ ಸಸಿ ನೆಡುವುದು ಆಗಿನಿಂದಲೂ ರೂಢಿ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದ ಮೇಲೆ ಜೂನ್ 5ರ ಪರಿಸರ ದಿನವೂ ಸೇರಿಕೊಂಡಿತು. 1976ರ 42ನೇ ತಿದ್ದುಪಡಿ ಪರಿಸರವನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅಂತ ಸಂವಿಧಾನದಲ್ಲೇ ಬರೆಯಿತು. ಇದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಕೇಂದ್ರದ ಪಠ್ಯಕ್ರಮ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪ್ರಾಥಮಿಕ ತರಗತಿಗಳಿಗೆ ಪರಿಸರ ಅಧ್ಯಯನ ಅನ್ನೋ ವಿಷಯವನ್ನು ಸೂಚಿಸಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಇನ್ನಷ್ಟು ಒತ್ತಿ ಹೇಳಿತು.

ಇದೇ ಹೊತ್ತಿಗೆ ನಮ್ಮ ಊರಲ್ಲಿ ಬೇರೆಯೇ ಒಂದು ಕೆಲಸ ನಡೆದಿತ್ತು. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ರಸ್ತೆ, ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಇಂದು ನಾವು ನೆರಳಿಗೆ ನಿಲ್ಲುವ ಎಷ್ಟೋ ಮರ ಆಗಿನವು. ಆ ಗಿಡಗಳು ಬದುಕಿದ್ದು ಸುಮ್ನೆ ಅಲ್ಲ. ಮನೆ ಮುಂದಿನ ಜನ ಅವನ್ನು ತಮ್ಮದು ಅಂದುಕೊಂಡು ನೋಡಿಕೊಂಡರು. ನೆಟ್ಟವರು ಇಲಾಖೆಯವರು, ನೀರು ಹಾಕಿದವರು ರಸ್ತೆಯವರು. ಶಾಲೆಯ ಅಂಗಳಕ್ಕೆ ಅಂಥ ಎದುರುಮನೆ ಇರುವುದಿಲ್ಲ.

ಪಾಠ ಕಡ್ಡಾಯ ಆಗಿದ್ದು ಕೋರ್ಟಿನಿಂದ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕು, ಸಿನಿಮಾ ಥಿಯೇಟರುಗಳಲ್ಲೂ ಪರಿಸರದ ಸ್ಲೈಡ್ ತೋರಿಸಬೇಕು ಅಂತ ಹೇಳಿತು. ಆದೇಶ ಬಂದರೂ ಹೆಚ್ಚಿನ ರಾಜ್ಯಗಳಲ್ಲಿ ಕೆಲಸ ಆಗಲಿಲ್ಲ. 12 ವರ್ಷ ಆದ ಮೇಲೆ, 2003ರ ಡಿಸೆಂಬರ್‌ನಲ್ಲಿ, ಕೋರ್ಟು ಮತ್ತೆ ಗದರಬೇಕಾಯಿತು. ಒಂದರಿಂದ 12ನೇ ತರಗತಿವರೆಗೆ ಪಠ್ಯಕ್ರಮ ಮಾಡಿಕೊಡಿ ಅಂತ ಎನ್‌ಸಿಇಆರ್‌ಟಿಗೆ ಹೇಳಿತು. 2004ರ ಜುಲೈನಲ್ಲಿ ಅದನ್ನು ಒಪ್ಪಿಕೊಂಡು ಎಲ್ಲ ರಾಜ್ಯಗಳಿಗೂ ಅನ್ವಯ ಮಾಡಿತು. ಆಮೇಲೆ 2005ರ ಪಠ್ಯಕ್ರಮ ಚೌಕಟ್ಟು ಬಂತು. ಮಗು ತನ್ನ ಸುತ್ತ ಇರುವುದನ್ನು ನೋಡಿ ಕಲಿಯಬೇಕು ಅಂತ ಅದು ಹೇಳಿತು. ಕರ್ನಾಟಕದಲ್ಲಿ ಇದಕ್ಕೆ ನೆಲ ಹದವಾಗಿತ್ತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಅದರಲ್ಲಿ ಪುಟ್ಟ ಮಕ್ಕಳಿಗೆ ಪರಿಸರ ಅನ್ನೋದು ಕಾರ್ಡು, ಆಟ, ಮಾತುಕತೆಯ ಜೊತೆಗೇ ಬರುತ್ತದೆ.

ಕ್ಲಾಸಿನ ಒಳಗಿನ ಕಥೆ ಇಷ್ಟು. ಕ್ಲಾಸಿನ ಹೊರಗೆ ಇರುವುದು ಇಕೋ ಕ್ಲಬ್. 2001-02ರಲ್ಲಿ ಕೇಂದ್ರ ಪರಿಸರ ಸಚಿವಾಲಯ ರಾಷ್ಟ್ರೀಯ ಹಸಿರು ಪಡೆ ಅನ್ನೋ ಯೋಜನೆಯಡಿ ಈ ಕ್ಲಬ್ಬುಗಳನ್ನು ಶುರು ಮಾಡಿತು. ಜಿಲ್ಲೆಗೆ 100 ಶಾಲೆ, ಒಂದೊಂದು ಶಾಲೆಯಲ್ಲಿ 30ರಿಂದ 50 ಮಕ್ಕಳು. ಒಂದು ಹಂತದಲ್ಲಿ ಕ್ಲಬ್ಬಿಗೆ ವರ್ಷಕ್ಕೆ 2,500 ರೂಪಾಯಿ ಬರುತ್ತಿತ್ತು. ಸಸಿ, ಬಕೆಟ್, ಬ್ಯಾನರ್, ಒಂದು ಚಿತ್ರಸ್ಪರ್ಧೆಯ ಬಹುಮಾನ ತಂದರೆ ಮುಗಿಯಿತು. ಈಗ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಯುವ ಮತ್ತು ಇಕೋ ಕ್ಲಬ್ಬಿಗೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 15,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಕೊಡಲು ಅವಕಾಶ ಇದೆ. ಶಾಲಾ ಅನುದಾನದಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು ಅಂತಲೂ ಇದೆ. ಮೊದಲಿಗಿಂತ ವಾಸಿ. ಆದರೆ ಈ ದುಡ್ಡಿನಲ್ಲಿ ವಸ್ತು ಕೊಳ್ಳಬಹುದೇ ಹೊರತು ಒಬ್ಬ ಮಾಲಿಯನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ನನ್ನ ಪ್ರಕಾರ ತೊಡಕು ಇರುವುದು ಇಲ್ಲೇ. ಐವತ್ತು ವರ್ಷದಲ್ಲಿ ಬಂದ ಹೆಚ್ಚಿನ ಯೋಜನೆಗಳು ಹೊಸದಾಗಿ ಏನೋ ಒಂದನ್ನು ಹಾಕಿಸುವ ಲೆಕ್ಕದಲ್ಲೇ ಬಂದಿವೆ. ಹಾಕಿದ್ದನ್ನು ನೋಡಿಕೊಳ್ಳುವ ಲೆಕ್ಕದಲ್ಲಿ ಬಂದಿದ್ದು ತೀರಾ ಕಡಿಮೆ.

ನೀರಿನ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2000ದ ದಶಕದ ಮಧ್ಯದಲ್ಲಿ ರಾಜ್ಯ ಸರ್ಕಾರ ಸುವರ್ಣ ಜಲ ಅನ್ನೋ ಯೋಜನೆ ತಂದಿತು. ಗ್ರಾಮೀಣ ಭಾಗದ 23 ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಚಾವಣಿಯ ಮಳೆನೀರು ಹಿಡಿಯುವ ಗುರಿ ಅದರದ್ದು. ಒಳ್ಳೆಯ ಯೋಚನೆ. ಆದರೆ ಎಷ್ಟೋ ಕಡೆ ಅದು ಬಳಕೆಗೆ ಬರಲಿಲ್ಲ, ಬಂದಿದ್ದೂ ಬೇಗ ನಿಂತುಹೋಯಿತು. 2009ರಲ್ಲಿ ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದರು. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಥೀಮ್ ಪಾರ್ಕೂ ಆಯಿತು. ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿ ಕಡಿಮೆ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಎರಡು ಕೊಠಡಿಯ ಮೇಲಿನ ಚಾವಣಿ ವರಾಂಡ ಸೇರಿ 100 ಚದರ ಮೀಟರ್ ಅಂದುಕೊಳ್ಳೋಣ. ಅದರ ಮೇಲೆ ವರ್ಷಕ್ಕೆ ಬೀಳುವ ನೀರು 97,000 ಲೀಟರ್. ಐದರಲ್ಲೊಂದು ಭಾಗ ಹಾಳಾದರೂ ಸುಮಾರು 78,000 ಲೀಟರ್ ಕೈಗೆ ಸಿಗುತ್ತದೆ. 6,000 ಲೀಟರಿನ ಟ್ಯಾಂಕರ್ ಆದರೆ 13 ಲೋಡ್. ಐದನೇ ಕ್ಲಾಸಿನ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಾ?

ಆದರೆ ಆ ನೀರು ಸಂಪಿಗೆ ಬರಬೇಕಾದರೆ ಮಳೆಗಾಲಕ್ಕೆ ಮೊದಲು ಯಾರಾದರೂ ಚಾವಣಿ ಹತ್ತಬೇಕು. ಪಕ್ಕದ ಹೊಂಗೆ ಮರದ ಎಲೆ ಪೈಪಿನ ಬಾಯಿ ಮುಚ್ಚಿರುತ್ತದೆ. ಅದನ್ನು ತೆಗೆಯಬೇಕು. ಮೊದಲ ಮಳೆ ಚಾವಣಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ, ಆ ನೀರನ್ನು ಹೊರಗೆ ಬಿಡಲು ಪೈಪಿನ ಕೆಳಗಿನ ಮುಚ್ಚಳ ತಿರುಗಿಸಬೇಕು. ಫಿಲ್ಟರಿನ ಜಲ್ಲಿ, ಮರಳು ತೆಗೆದು ತೊಳೆಯಬೇಕು. ಎಲ್ಲ ಸೇರಿ ಅರ್ಧ ದಿನದ ಕೆಲಸ. ಆ ಅರ್ಧ ದಿನ ಯಾರದ್ದು? ಮಕ್ಕಳನ್ನು ಚಾವಣಿಗೆ ಹತ್ತಿಸುವ ಹಾಗಿಲ್ಲ, ಹತ್ತಿಸಲೂ ಬಾರದು. ಡಿ ಗ್ರೂಪ್ ನೌಕರರು ಇಲ್ಲ. ಹೆಡ್ ಮೇಡಂ ಸ್ವಂತ ದುಡ್ಡಿನಲ್ಲಿ ಯಾರನ್ನಾದರೂ ಕರೆಸಿದರೆ ಕೆಲಸ ಆಗುತ್ತದೆ. ಒಂದು ವರ್ಷ ತಪ್ಪಿದರೆ ಸಂಪಿನ ನೀರು ವಾಸನೆ ಬರುತ್ತದೆ. ಆಮೇಲೆ ಪೈಪನ್ನೇ ಕಿತ್ತು ಪಕ್ಕಕ್ಕೆ ಇಡುತ್ತಾರೆ.

2024ರ ಬೇಸಿಗೆ ಇದನ್ನೆಲ್ಲ ನೆನಪಿಸಿತು. ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ಕಾವೇರಿ ನೀರು ತರುವ ಊರು ನಮ್ಮದು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಇನ್ನೊಂದು ಕಡೆ, 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ಕುಡಿಯುವ ನೀರು ಘೋಷಿಸಿದ್ದರು. ಬಿಲ್ ಕಟ್ಟಲು ಒದ್ದಾಡುತ್ತಿದ್ದ ಶಾಲೆಗಳಿಗೆ ಇದು ದೊಡ್ಡ ಉಪಕಾರ. ಮುಖ್ಯ ಶಿಕ್ಷಕರ ತಲೆನೋವು ಒಂದು ಕಡಿಮೆ ಆಗುತ್ತದೆ. ಆದರೂ ಮೀಟರ್ ಓದುವ ಅಭ್ಯಾಸ ಬಿಡಬಾರದು ಅಂತ ನನ್ನ ಆಸೆ. ಬಿಲ್ ಕಟ್ಟದಿದ್ದರೂ ಸರಿ, ಈ ತಿಂಗಳು ನಮ್ಮ ಶಾಲೆ ಎಷ್ಟು ಯೂನಿಟ್ ಸುಟ್ಟಿತು ಅಂತ ಏಳನೇ ಕ್ಲಾಸಿನ ಮಕ್ಕಳು ಬೋರ್ಡಿನ ಮೇಲೆ ಬರೆಯಬಹುದು ಅಲ್ವಾ?

ಕಸದ ಕಥೆ ಇನ್ನೂ ಹತ್ತಿರದ್ದು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿತು, ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಅದೇ ವರ್ಷ ಅಕ್ಟೋಬರ್‌ನಿಂದ ಹಸಿ, ಒಣ ಕಸ ಬೇರೆ ಮಾಡುವುದು ಕಡ್ಡಾಯ ಆಯಿತು. ನಗರದ ಕಸ ಸುರಿಯುತ್ತಿದ್ದ ಮಂಡೂರಿನ ಜನ ಹೋರಾಡಿ 2014ರ ಡಿಸೆಂಬರ್ 1ರಿಂದ ಅಲ್ಲಿಗೂ ಲಾರಿ ನಿಲ್ಲಿಸಿದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಇಡೀ ನಗರಕ್ಕೆ ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರಿನಂಥದ್ದು, ಚೀಲಕ್ಕೆ ಒಣ ಕಸ. 2016ರ ಮಾರ್ಚ್‌ನಲ್ಲಿ ರಾಜ್ಯ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧಿಸಿತು.

ಮನೆಗಳಲ್ಲಿ ಈ ಪಾಠ ಹರಡಲು ಮಕ್ಕಳೇ ದೊಡ್ಡ ದಾರಿ ಆದರು. ಆದರೆ ಶಾಲೆಯ ಒಳಗೆ ಆ ಕೆಂಪು ಬುಟ್ಟಿ ಎಲ್ಲಿದೆ ಅಂತ ಕೇಳಿ. ಶುಚಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುತ್ತಾರೆ. ಬಳಸಿದ ಪ್ಯಾಡನ್ನು ಎಲ್ಲಿ ಹಾಕಬೇಕು ಅನ್ನೋದು ಎಷ್ಟೋ ಶೌಚಾಲಯಗಳಲ್ಲಿ ತೀರ್ಮಾನ ಆಗಿಯೇ ಇಲ್ಲ. ಪರಿಸರ ಶಿಕ್ಷಣ ಅಂದರೆ ಹುಲಿ, ಕಾಡು ಮಾತ್ರ ಅಂದುಕೊಂಡರೆ ಈ ಪ್ರಶ್ನೆ ಯಾರ ಮೇಜಿಗೂ ಬರುವುದಿಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಇದು ಪ್ರತಿ ತಿಂಗಳ ಪ್ರಶ್ನೆ.

ಬೆಂಗಳೂರಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಅಲ್ಲೇ ಬೇಯುತ್ತದೆ. ಕೈತೋಟದ ನುಗ್ಗೆಸೊಪ್ಪು, ಕರಿಬೇವು ನೇರವಾಗಿ ಸಾಂಬಾರಿಗೆ ಬೀಳುತ್ತದೆ. ಅಡುಗೆಯ ಅಕ್ಕಂದಿರು ತರಕಾರಿ ತೊಳೆದ ನೀರನ್ನು ಗಿಡಕ್ಕೆ ಸುರಿಯುತ್ತಾರೆ. ತೋಟಕ್ಕೂ ತಟ್ಟೆಗೂ ನಂಟು ಇದೆ. ನಗರದ ಬಹಳಷ್ಟು ಶಾಲೆಗಳಿಗೆ ಊಟ ದೊಡ್ಡ ಅಡುಗೆಮನೆಗಳಿಂದ ವ್ಯಾನಿನಲ್ಲಿ, ಸ್ಟೀಲ್ ಪಾತ್ರೆಗಳಲ್ಲಿ ಬರುತ್ತದೆ. ಬಿಸಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅಂಗಳದಲ್ಲಿ ಬೆಳೆದ ಸೊಪ್ಪಿಗೆ ಹೋಗಲು ಪಾತ್ರೆಯೇ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟದ ಮಾರ್ಗಸೂಚಿ ಕೊಟ್ಟಿತು. ಕೈತೋಟ, ಇಂಗುಗುಂಡಿ, ಕಾಂಪೌಂಡು ಮಾಡಿಕೊಳ್ಳಲು ಹಳ್ಳಿ ಶಾಲೆಗಳಿಗೆ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾ ಹೆಗಲು ಕೊಟ್ಟಿತು. ನಗರದ ವಾರ್ಡುಗಳಿಗೆ ಆ ಯೋಜನೆ ಅನ್ವಯಿಸಲೇ ಇಲ್ಲ.

ಹಾಗಂತ ಶಾಲೆಯಲ್ಲಿ ಹಸಿ ಕಸ ಇಲ್ಲ ಅಂತಲ್ಲ. 2024ರ ಸೆಪ್ಟೆಂಬರ್‌ನಿಂದ, ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ, ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಾರೆ. ತಿನ್ನದವರಿಗೆ ಬಾಳೆಹಣ್ಣು. ಊಟ ವ್ಯಾನಿನಲ್ಲಿ ಬಂದರೂ ಹಲವು ಕಡೆ ಮೊಟ್ಟೆ ಬೇಯುವುದು ಶಾಲೆಯಲ್ಲೇ. ಅಂದರೆ ದಿನಾ ರಾಶಿ ಸಿಪ್ಪೆ. ಗೊಬ್ಬರಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಬೇಡ. ಬಾಳೆ ಸಿಪ್ಪೆ ಚೂರು ಮಾಡಿ, ಮೊಟ್ಟೆ ಸಿಪ್ಪೆ ಕೈಯಲ್ಲೇ ಪುಡಿ ಮಾಡಿ, ಅದರ ಎರಡು ಪಟ್ಟು ಒಣ ಎಲೆ ಸೇರಿಸಿ ಜಾಲರಿ ಬುಟ್ಟಿಗೆ ಹಾಕಿದರೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ. ಮೊಟ್ಟೆ ಸಿಪ್ಪೆಯ ದೊಡ್ಡ ಚೂರು ಬೇಗ ಕರಗುವುದಿಲ್ಲ, ಅದಕ್ಕೇ ಪುಡಿ ಮಾಡಬೇಕು. ಉಳಿದ ಸಾಂಬಾರು, ಮೊಸರನ್ನ ಇದಕ್ಕೆ ಸುರಿದರೆ ಮಾತ್ರ ಕೆಡುತ್ತದೆ. ನೀರು ಜಾಸ್ತಿ ಆಗುತ್ತದೆ, ಗಾಳಿ ಆಡುವುದಿಲ್ಲ, ಹುಳ ಬೀಳುತ್ತದೆ, ಪಕ್ಕದ ಕ್ಲಾಸಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಎಷ್ಟೋ ಶಾಲೆಯ ಗೊಬ್ಬರ ಗುಂಡಿ ಮುಚ್ಚಿದ್ದು ಈ ಒಂದೇ ಕಾರಣಕ್ಕೆ.

ಇಲ್ಲಿ ನಾವು ಮರೆಯುವ ಒಂದು ಮಾತಿದೆ. ಈ ಶಾಲೆಗಳಿಗೆ ಬರುವವರು ಯಾರ ಮಕ್ಕಳು? ಪೌರಕಾರ್ಮಿಕರು, ಚಿಂದಿ ಆಯುವವರು, ಕಟ್ಟಡ ಕೆಲಸದವರು, ಟ್ಯಾಂಕರ್ ಡ್ರೈವರುಗಳು, ಮನೆಗೆಲಸದವರು, ಕೂಲಿಗೆ ಬಂದ ಕಲಬುರಗಿ, ರಾಯಚೂರಿನವರು. ಕಸ ಎಲ್ಲಿ ಹೋಗುತ್ತದೆ, ಪೆಟ್ ಬಾಟಲಿಗೆ ಕೇಜಿಗೆ ಎಷ್ಟು, ಎರಡು ದಿನಕ್ಕೊಮ್ಮೆ ನೀರು ಬಂದರೆ ಎಷ್ಟು ಕೊಡ ತುಂಬಬೇಕು ಅಂತ ಈ ಮಕ್ಕಳಿಗೆ ಗೊತ್ತು. ನೀರು ಉಳಿಸಿ ಅಂತ ಅವರಿಗೆ ಘೋಷಣೆ ಬರೆಸುತ್ತೇವೆ. ಅವರಿಗೆ ಗೊತ್ತಿರುವುದನ್ನು ಕೇಳಿ ಬೋರ್ಡಿನ ಮೇಲೆ ಬರೆದರೆ ಅದೇ ಪಾಠ. 2005ರ ಚೌಕಟ್ಟು ಹೇಳಿದ್ದೂ ಇದನ್ನೇ.

ಕೊನೆಗೆ ಬೇಸಿಗೆ ರಜೆ. ಈಗಿನ ವೇಳಾಪಟ್ಟಿಯಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಶಾಲೆಗೆ ಬೀಗ. ಜೂನ್‌ನಲ್ಲಿ ನೆಟ್ಟ ಸಸಿಗೆ ಆಗ ಹತ್ತು ತಿಂಗಳು. ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಬೆಂಗಳೂರಿನ ಅತಿ ಬಿಸಿ ದಿನಗಳು ಆಗಲೇ ಬರುತ್ತವೆ. ಏಳು ವಾರ ಯಾರೂ ನೀರು ಹಾಕದೆ ಯಾವ ಸಸಿ ಉಳಿದೀತು? 2024ರಲ್ಲಿ ತಾಯಿ ಹೆಸರಲ್ಲಿ ಒಂದು ಗಿಡ ನೆಡುವ ಅಭಿಯಾನ ಬಂತು, ಪರಿಸರಸ್ನೇಹಿ ಬದುಕಿನ ಅಭಿಯಾನವಾದ ಮಿಷನ್ ಲೈಫ್ ಹೆಸರಲ್ಲಿ ಇಕೋ ಕ್ಲಬ್‌ಗಳಿಗೆ ಹೊಸ ಮಾರ್ಗಸೂಚಿಯೂ ಬಂತು. ನೆಟ್ಟ ಫೋಟೊ ಅಪ್‌ಲೋಡ್ ಮಾಡಲು ಜಾಗ ಇದೆ. ಮರುವರ್ಷ ಅದೇ ಗಿಡದ ಫೋಟೊ ಕೇಳಿದರೆ ಚಿತ್ರ ಬೇರೆಯಾಗುತ್ತದೆ.

ಮಾಡಬೇಕಾದ್ದು ದೊಡ್ಡ ಕೆಲಸ ಏನೂ ಅಲ್ಲ. ಇಕೋ ಕ್ಲಬ್ ಹಣದಲ್ಲಿ ಒಂದು ಪಾಲನ್ನು ರಜೆಯ ಏಳು ವಾರಗಳ ಕೂಲಿಗೆ ಕೊಡಬಹುದು ಅಂತ ಜಿಲ್ಲೆಯ ಶಿಕ್ಷಣ ಅಧಿಕಾರಿ ಡಿಡಿಪಿಐ ಅವರ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು. ಶಾಲಾ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಶಾಲೆಯ ಪಕ್ಕದಲ್ಲೇ ಇರುವ ಒಬ್ಬರಿಗೆ ಗೇಟಿನ ಬೀಗದ ಕೈ ಕೊಡಬಹುದು. ಒಂದು ಕ್ಲಸ್ಟರಿನ ಹತ್ತಾರು ಶಾಲೆಗೆ ಸೇರಿ ಒಬ್ಬ ಮಾಲಿ, ಒಬ್ಬ ಪ್ಲಂಬರ್ ಇದ್ದರೆ ಮೇ ತಿಂಗಳಲ್ಲೇ ಚಾವಣಿ, ಪೈಪು, ಫಿಲ್ಟರ್ ಎಲ್ಲ ಚೊಕ್ಕ ಮಾಡಬಹುದು. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಈಗ ಐದು ಪಾಲಿಕೆಗಳಾಗಿವೆ. ಪಾಲಿಕೆಗಳ ತೋಟಗಾರಿಕೆ ಸಿಬ್ಬಂದಿ ಪಾರ್ಕಿಗೆ ನೀರು ಹಾಕಲು ಹೋಗುವ ದಾರಿಯಲ್ಲೇ ಎಷ್ಟೋ ಶಾಲೆಗಳಿವೆ. ಆ ಟ್ಯಾಂಕರ್ ವಾರಕ್ಕೆ ಎರಡು ಸಲ ಶಾಲೆಯ ಗೇಟಿನ ಮುಂದೆ ನಿಲ್ಲಬೇಕು ಅಂತ ಶಿಕ್ಷಣ ಇಲಾಖೆ ಬರೆದು ಕೇಳಲಿ. ಮುಂದಿನ ಏಪ್ರಿಲ್ 10ರ ಒಳಗೆ ಆ ಪತ್ರ ಹೋಗಬೇಕು.