ಮನೆ ತೋಟಕ್ಕೆ ಯಾವ ಟೊಮೇಟೊ? ಮೈಸೂರು, ಮಂಡ್ಯ ಕಡೆಯವರಿಗೆ ತಳಿ ಆಯ್ಕೆಯ ಟಿಪ್ಪಣಿ

ಟೊಮೇಟೊ ತಳಿ ಆರಿಸಲು ಕೂತಾಗ ಎಲ್ಲರೂ ಮೊದಲು ಕೇಳುವುದು ಹಣ್ಣಿನ ಬಗ್ಗೆ. ಎಷ್ಟು ದಪ್ಪ ಬರುತ್ತೆ, ಹುಳಿ ಇರುತ್ತಾ, ಗಿಡಕ್ಕೆ ಎಷ್ಟು ಕೆಜಿ ಸಿಗುತ್ತೆ. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮುಂಚೆ ಕೇಳಬೇಕಾದ್ದು ಎರಡಿದೆ. ಯಾವ ತಿಂಗಳಲ್ಲಿ ನಾಟಿ ಮಾಡುತ್ತೀರಿ? ಆ ಮಣ್ಣಿನಲ್ಲಿ ಈ ಹಿಂದೆ ಏನು ಬೆಳೆದಿತ್ತು? ಇವೆರಡಕ್ಕೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿರುವ ಅರ್ಧ ತಳಿಗಳನ್ನು ಧೈರ್ಯವಾಗಿ ಬಿಡಬಹುದು. ಉಳಿದವುಗಳಲ್ಲಿ ಅಡುಗೆಮನೆಗೆ ಒಗ್ಗುವುದನ್ನು ಆರಿಸಿಕೊಂಡರಾಯ್ತು. ಈ ಟಿಪ್ಪಣಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ತಿಂಗಳು

ಟೊಮೇಟೊ ಹೂವು ಕಾಯಿ ಕಟ್ಟಬೇಕಾದರೆ ರಾತ್ರಿ ತಂಪಾಗಿರಬೇಕು. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಇದ್ದರೆ ಬಹಳ ಚೆನ್ನ. ಹಗಲು 35 ಡಿಗ್ರಿ ದಾಟಿದರೆ, ಅಥವಾ ರಾತ್ರಿಯೂ ಸೆಕೆ ಇಳಿಯದಿದ್ದರೆ, ಪರಾಗ ಶಕ್ತಿ ಕಳೆದುಕೊಳ್ಳುತ್ತದೆ. ಗಿಡದ ತುಂಬ ಹೂವಿದ್ದರೂ ತೊಟ್ಟು ಹಳದಿಯಾಗಿ ಉದುರಿಹೋಗುತ್ತದೆ. ಇದನ್ನು ನೋಡಿ ಗೊಬ್ಬರ ಕಮ್ಮಿಯಾಯ್ತು ಅಂತ ಇನ್ನಷ್ಟು ಗೊಬ್ಬರ ಸುರಿಯುವವರೇ ಜಾಸ್ತಿ. ಸೆಕೆಗೆ ಹೂವು ಉದುರುವಾಗ ಗೊಬ್ಬರ ಏನೂ ಮಾಡುವುದಿಲ್ಲ.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಮಂಡ್ಯ ಅದಕ್ಕಿಂತ ಸ್ವಲ್ಪ ತಗ್ಗು. ಎರಡೂ ಕಡೆ ನವೆಂಬರ್‌ನಿಂದ ಫೆಬ್ರವರಿ ಶುರುವಿನವರೆಗೆ ರಾತ್ರಿ ಹಿತವಾದ ಚಳಿ ಇರುತ್ತದೆ. ಬಿಸಿಲು ಧಾರಾಳ, ಮಳೆ ಕಮ್ಮಿ. ಟೊಮೇಟೊಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಬೀಜ ಹಾಕಿ 25ರಿಂದ 30 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ನಾಟಿಯಾಗಿ ಎರಡರಿಂದ ಎರಡೂವರೆ ತಿಂಗಳಿಗೆ ಹಣ್ಣು. ಹಾಗಾಗಿ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ದಸರಾ ಕಳೆದು ಮಳೆ ಇಳಿಯುತ್ತಿದ್ದ ಹಾಗೆ ನಾಟಿ ಮಾಡಿದರೆ ಸಂಕ್ರಾಂತಿ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ.

ಈ ಕಾಲದಲ್ಲಿ ನಾಜೂಕು ತಳಿಗಳನ್ನೂ ಬೆಳೆಯಬಹುದು. ತೆಳು ಸಿಪ್ಪೆಯ ನಾಟಿ ಟೊಮೇಟೊ, ಬಣ್ಣಬಣ್ಣದ ಚೆರ್ರಿ ಟೊಮೇಟೊ, ಯಾರೋ ಪ್ರೀತಿಯಿಂದ ಕೊಟ್ಟ ಹೆಸರು ಗೊತ್ತಿಲ್ಲದ ಬೀಜ, ಎಲ್ಲಕ್ಕೂ ಇದೇ ಸಮಯ. ಹೊಸಬರು ಮೊದಲ ಬೆಳೆಯನ್ನು ಈ ಕಾಲದಲ್ಲೇ ತೆಗೆಯಲಿ ಅನ್ನುವುದು ನನ್ನ ಮನವಿ.

ಜನವರಿ ಕೊನೆಗೆ ಅಥವಾ ಫೆಬ್ರವರಿಯಲ್ಲಿ ನಾಟಿ ಮಾಡುವುದಾದರೆ ಲೆಕ್ಕವೇ ಬೇರೆ. ಏಪ್ರಿಲ್ ಬಿಸಿಲಿಗೆ ಹಣ್ಣು ಕೆಂಪಾಗುವ ಬದಲು ಕಿತ್ತಳೆ ಬಣ್ಣಕ್ಕೆ ನಿಂತುಬಿಡುವುದನ್ನು ನೋಡಿರಬಹುದು. ಕೆಂಪು ಬಣ್ಣ ಕೊಡುವ ಲೈಕೋಪೀನ್ 30 ಡಿಗ್ರಿ ದಾಟಿದ ಮೇಲೆ ಸರಿಯಾಗಿ ಕೂಡುವುದಿಲ್ಲ. ಅದು ಸಣ್ಣ ತೊಂದರೆ. ಬೇಸಿಗೆಯ ದೊಡ್ಡ ತೊಂದರೆ ಬಿಳಿ ನೊಣ.

ಬೇಸಿಗೆ ನಾಟಿಗೆ ತಳಿಯೇ ರಕ್ಷಣೆ

ಎಲೆಯನ್ನು ತಿರುಗಿಸಿ ಅಡಿಭಾಗ ನೋಡಿ. ಗಿಡ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಸಣ್ಣ ಬಿಳಿ ಹುಳುಗಳು ಏಳುತ್ತವೆ. ಇವು ರಸ ಹೀರುವುದರಿಂದ ಆಗುವ ನಷ್ಟ ಅಷ್ಟೇನೂ ಇಲ್ಲ. ಇವು ಹೊತ್ತು ತರುವ ವೈರಸ್‌ನಿಂದ ಎಲೆ ಮುಟುರು ರೋಗ ಬರುತ್ತದೆ. ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡು, ಕುಡಿ ಸಣ್ಣದಾಗಿ, ಗಿಡ ಅಲ್ಲಿಗೇ ಕುಳ್ಳಾಗಿ ನಿಲ್ಲುತ್ತದೆ. ಹೂವು ಬರುವ ಮುಂಚೆ ಹತ್ತಿದರೆ ಆ ಗಿಡದಿಂದ ಹಣ್ಣಿನ ಆಸೆ ಬಿಡಬೇಕು. ವೈರಸ್‌ಗೆ ಔಷಧಿ ಇಲ್ಲ. ಬೇವಿನ ಎಣ್ಣೆ, ಹಳದಿ ಅಂಟು ಹಾಳೆ ಇವೆಲ್ಲ ನೊಣವನ್ನು ಕಮ್ಮಿ ಮಾಡುತ್ತವೆ, ರೋಗ ಬಂದ ಗಿಡವನ್ನು ಗುಣ ಮಾಡುವುದಿಲ್ಲ.

ಹಾಗಾಗಿ ಫೆಬ್ರವರಿ ನಾಟಿಗೆ ರೋಗ ತಡೆಯುವ ತಳಿಯನ್ನೇ ಹಾಕಿ. ನಮ್ಮ ಪುಣ್ಯಕ್ಕೆ ಇದರ ಮೇಲೆ ಒಳ್ಳೆಯ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ನಂದಿ, ಸಂಕ್ರಾಂತಿ, ವೈಭವ್ ಮೂರೂ ಎಲೆ ಮುಟುರು ರೋಗವನ್ನು ತಡೆಯುವ ತಳಿಗಳು. ಮೂರರಲ್ಲಿ ಯಾವುದೂ ಹೈಬ್ರಿಡ್ (ಎರಡು ತಳಿ ಬೆರೆಸಿ ಮಾಡಿದ್ದು) ಅಲ್ಲ, ಬೀಜ ಎತ್ತಿಟ್ಟುಕೊಳ್ಳಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು. ಎಲೆ ಮುಟುರು, ಬ್ಯಾಕ್ಟೀರಿಯಾದಿಂದ ಗಿಡ ಬಾಡುವ ದುಂಡಾಣು ಸೊರಗು ರೋಗ, ಎಲೆಗೆ ಕಂದು ಚುಕ್ಕೆ ತರುವ ಮೊದಲ ಅಂಗಮಾರಿ, ಈ ಮೂರನ್ನೂ ತಡೆಯುತ್ತವೆ. ಅದೇ ಸಂಸ್ಥೆಯ ಅರ್ಕಾ ಅಭೇದ್ ಇವುಗಳ ಜೊತೆಗೆ ಕೊನೆ ಅಂಗಮಾರಿಯನ್ನೂ ತಡೆಯುತ್ತದೆ. ಜೂನ್, ಜುಲೈನಲ್ಲಿ ನಾಟಿ ಮಾಡಿ, ಮೋಡ, ಜಿಟಿಜಿಟಿ ಮಳೆಯಲ್ಲಿ ಬೆಳೆಸುವವರಿಗೆ ನನ್ನ ಮೊದಲ ಸಲಹೆ ಅಭೇದ್. ತಂಪು ಮತ್ತು ತೇವ ಒಟ್ಟಿಗೆ ಬಂದರೆ ಕೊನೆ ಅಂಗಮಾರಿ ಕೆಲವೇ ದಿನಗಳಲ್ಲಿ ಇಡೀ ಗಿಡವನ್ನು ಕಪ್ಪಗೆ ಮಾಡಿಬಿಡುತ್ತದೆ.

ಒಂದು ಮಾತು ನೆನಪಿರಲಿ. ರೋಗ ತಡೆಯುವ ತಳಿ ಅಂದರೆ ರೋಗವೇ ಬಾರದ ತಳಿ ಅಂತಲ್ಲ. ಬಂದರೂ ಗಿಡ ತಾಳಿಕೊಂಡು ಹಣ್ಣು ಕೊಡುತ್ತದೆ ಅಂತ ಅರ್ಥ. ಕಾಯಿ ಕೊರಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಹುಳುವಿಗೆ ಎಲ್ಲ ತಳಿಯೂ ಒಂದೇ.

ಮಣ್ಣಿನ ಹಳೆ ಕಥೆ

ಬೆಳಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತು ಬೀಳುತ್ತದೆ. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ನೀರು ಹಾಕಿದರೂ ಏಳುವುದಿಲ್ಲ, ಎರಡು ಮೂರು ದಿನಕ್ಕೆ ಸತ್ತೇ ಹೋಗುತ್ತದೆ. ಇದು ದುಂಡಾಣು ಸೊರಗು ರೋಗವೇ ಅಂತ ಖಚಿತ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ. ಬುಡದ ಹತ್ತಿರ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೈ ಅಲ್ಲಾಡಿಸಬೇಡಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲು ಬಣ್ಣದ ಎಳೆ ಕೆಳಕ್ಕೆ ಇಳಿಯತೊಡಗಿದರೆ ಅನುಮಾನವೇ ಬೇಡ. ಆ ಎಳೆಯ ತುಂಬ ಇರುವುದು ಬ್ಯಾಕ್ಟೀರಿಯಾ.

ಈ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಎಲ್ಲವೂ ಒಂದೇ ಕುಟುಂಬದವು, ಎಲ್ಲಕ್ಕೂ ಬರುತ್ತದೆ. ಈರನಗೆರೆ ಬದನೆ ಬೆಳೆದ ಮಡಿಯಲ್ಲೇ ಮುಂದಿನ ಸಲ ಟೊಮೇಟೊ ಹಾಕಬೇಡಿ. ತಾರಸಿಯವರು ಸತ್ತ ಗಿಡದ ಗ್ರೋ ಬ್ಯಾಗ್ ಮಣ್ಣನ್ನು ಬೇರೆ ಕುಂಡಗಳಿಗೆ ಹಂಚುವುದಂತೂ ಬೇಡವೇ ಬೇಡ. ಮಂಡ್ಯ ಕಡೆ ನಾಲೆ ನೀರಿನ ಆಸರೆಯಲ್ಲಿರುವ ಹಿತ್ತಿಲುಗಳಲ್ಲಿ, ಪಕ್ಕದಲ್ಲೇ ಭತ್ತದ ಗದ್ದೆ ಇದ್ದರೆ, ತೇವ ಆರುವುದೇ ಇಲ್ಲ. ಅಂಥ ಕಡೆ ಸೊರಗು ರೋಗದ ಕಾಟ ಹೆಚ್ಚು. ಏರು ಮಡಿ ಮಾಡಿ, ಅರ್ಕಾ ಆಭಾ, ಅರ್ಕಾ ಆಲೋಕ್‌ನಂಥ ಸೊರಗು ರೋಗ ತಡೆಯುವ ತಳಿ ಹಾಕಿ. ಇಲ್ಲವೇ ರಕ್ಷಕ್, ಅಭೇದ್ ಇದ್ದೇ ಇವೆ. ನೀರು ಬಸಿದುಹೋಗುವ ಕೆಂಪು ಮಣ್ಣಿನ ಮೈಸೂರಿನ ಹಿತ್ತಿಲುಗಳಿಗೆ ಈ ಚಿಂತೆ ಅಷ್ಟಿಲ್ಲ.

ಗಿಡ್ಡ ಗಿಡವೋ, ಏರುವ ಗಿಡವೋ

ಇದನ್ನು ಬೇಗ ಹೇಳಿಬಿಡುತ್ತೇನೆ. ಕೆಲವು ತಳಿಗಳು ಒಂದು ಎತ್ತರಕ್ಕೆ ಬಂದು, ಕುಡಿಯಲ್ಲೇ ಹೂಗೊಂಚಲು ಬಿಟ್ಟು ಬೆಳವಣಿಗೆ ನಿಲ್ಲಿಸುತ್ತವೆ. ಹಣ್ಣು ಹೆಚ್ಚುಕಮ್ಮಿ ಒಟ್ಟಿಗೆ ಬರುತ್ತದೆ. ಇನ್ನು ಕೆಲವು ಏರುತ್ತಲೇ ಹೋಗುತ್ತವೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಹಣ್ಣು ಕೊಡುತ್ತವೆ. ಚೆರ್ರಿ ಟೊಮೇಟೊಗಳಲ್ಲಿ ಬಹಳಷ್ಟು ಈ ಎರಡನೆಯ ಬಗೆ. ಬೆಳೆದ ಗಿಡದಲ್ಲಿ ಗುರುತು ಹಿಡಿಯಬೇಕಾದರೆ ಒಂದು ಹೂಗೊಂಚಲಿನಿಂದ ಇನ್ನೊಂದರ ನಡುವೆ ಎಷ್ಟು ಎಲೆ ಇದೆ ಎಣಿಸಿ. ಉದ್ದಕ್ಕೂ ಮೂರು ಮೂರು ಎಲೆ ಇದ್ದರೆ ಏರುವ ಗಿಡ. ಒಂದೋ ಎರಡೋ ಎಲೆಗೆ ಗೊಂಚಲು ಬರುತ್ತಾ ಹೋದರೆ ಗಿಡ್ಡ ಗಿಡ.

12 ಇಂಚಿನ ಕುಂಡಕ್ಕೆ ಗಿಡ್ಡ ಗಿಡ ಸಾಕು. ಏರುವುದಕ್ಕೆ 15 ಇಂಚಿನ ಗ್ರೋ ಬ್ಯಾಗ್, ಆಳೆತ್ತರದ ಊರುಗೋಲು, ವಾರಕ್ಕೊಮ್ಮೆ ಕಟ್ಟುವ ತಾಳ್ಮೆ ಬೇಕು. ವರ್ಷಕ್ಕೆ ಬೇಕಾಗುವಷ್ಟು ಟೊಮೇಟೊ ತೊಕ್ಕು ಒಂದೇ ಸಲ ಮಾಡಿಡುವ ಮನೆಗೆ ಗಿಡ್ಡ ತಳಿ ಅನುಕೂಲ. ದಿನಾ ಸಾರಿಗೆ ಎರಡು ಹಣ್ಣು ಸಿಕ್ಕರೆ ಸಾಕು ಅನ್ನುವವರಿಗೆ ಏರುವುದೇ ಸರಿ.

ಕತ್ತರಿಸಿ ನೋಡಿ

ಈಗ ರುಚಿಗೆ ಬರೋಣ. ದೇವರಾಜ ಮಾರುಕಟ್ಟೆಯಿಂದ ಒಂದು ನಾಟಿ, ಒಂದು ಫಾರಂ ಟೊಮೇಟೊ ತಂದು ಎರಡನ್ನೂ ಅಡ್ಡಡ್ಡ ಕತ್ತರಿಸಿ. ಫಾರಂ ಹಣ್ಣಿನಲ್ಲಿ ಬೀಜದ ಗೂಡು ಎರಡೋ ಮೂರೋ ಇರುತ್ತದೆ, ಸುತ್ತ ದಪ್ಪ ತಿರುಳು. ನಾಟಿಯಲ್ಲಿ ಗೂಡು ಜಾಸ್ತಿ, ತಿರುಳು ತೆಳು, ಬೀಜದ ಸುತ್ತ ಲೋಳೆ ತುಂಬಿರುತ್ತದೆ. ಆ ಲೋಳೆಯನ್ನು ಮಾತ್ರ ಚಮಚದಲ್ಲಿ ತೆಗೆದು ಬಾಯಿಗಿಟ್ಟು ನೋಡಿ. ಹುಳಿ ಬಹುಪಾಲು ಅಲ್ಲೇ ಇದೆ. ಟೊಮೇಟೊಗೆ ಬಾಯಿ ಚಪ್ಪರಿಸುವ ರುಚಿ ಕೊಡುವ ಗ್ಲುಟಮೇಟ್ ಕೂಡ ಅಲ್ಲೇ ಹೆಚ್ಚು. ನಾಟಿ ಟೊಮೇಟೊ ಹಾಕಿದ ಸಾರಿಗೆ ಹುಣಸೆಹಣ್ಣು ಕಮ್ಮಿ ಸಾಕಾಗುವುದು ಇದಕ್ಕೇ ಅಲ್ವಾ.

ಇನ್ನೊಂದು ಗುರುತು ತೊಟ್ಟಿನ ಹತ್ತಿರ. ಕಾಯಿಯಾಗಿದ್ದಾಗ ಕೆಲವು ತಳಿಗಳ ಹೆಗಲು ಕಡು ಹಸಿರಾಗಿರುತ್ತದೆ, ಹಣ್ಣಾದ ಮೇಲೂ ಅಲ್ಲಿ ಒಂದಿಷ್ಟು ಹಸಿರು, ಹಳದಿ ಉಳಿಯುತ್ತದೆ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ 1 ತಳಿ ಹೀಗೆ. ನೋಡುವುದಕ್ಕೆ ಒಂದೇ ಸಮ ಕೆಂಪಾಗಲಿ ಅಂತ ತಳಿ ಅಭಿವೃದ್ಧಿ ಮಾಡುವವರು ದಶಕಗಳ ಕಾಲ ಈ ಹಸಿರು ಹೆಗಲನ್ನು ತೆಗೆಯುತ್ತಾ ಬಂದರು. ಹಾಗೆ ತೆಗೆಯುವಾಗ ಹಣ್ಣಿನೊಳಗೆ ಹರಿತ್ತು (ಎಲೆಗೆ ಹಸಿರು ಬಣ್ಣ ಕೊಡುವ ಅಂಶ) ಹೆಚ್ಚಿಸುವ ಜೀನ್ ಕೆಟ್ಟು, ಸಕ್ಕರೆಯೂ ಕಮ್ಮಿಯಾಯಿತು ಅಂತ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮನೆಗೆ ಬೆಳೆಯುವ ನಾವು ಮಾರುಕಟ್ಟೆಯ ಅಂದಕ್ಕೆ ಕಟ್ಟುಬೀಳಬೇಕಿಲ್ಲ. ಹಸಿರು ಹೆಗಲಿನ ತಳಿ ಸಿಕ್ಕರೆ ಖುಷಿಯಿಂದ ಹಾಕಿ.

ಹಾಗಂತ ಫಾರಂ ಬಗೆಯ ಹಣ್ಣನ್ನು ತಳ್ಳಿಹಾಕುವುದು ನ್ಯಾಯವಲ್ಲ. ರಕ್ಷಕ್ ಹಣ್ಣು ಸುಮಾರು 75ರಿಂದ 100 ಗ್ರಾಂ ತೂಗುತ್ತದೆ, ಗಟ್ಟಿ, ಹೊರಗಿಟ್ಟರೂ ಎರಡು ವಾರದವರೆಗೆ ತಾಳುತ್ತದೆ. ಗೊಜ್ಜು, ಟೊಮೇಟೊ ಬಾತ್, ಕೋಸಂಬರಿಗೆ ತಿರುಳು ಬೇಕು, ನೀರಲ್ಲ. ನಾಟಿ ಹಣ್ಣು ಮಳೆಗೆ ಸಿಕ್ಕರೆ ಬಿರಿಯುತ್ತದೆ, ಕಿತ್ತು ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತದೆ. ಉದ್ದನೆಯ ಕೋಳಿಮೊಟ್ಟೆ ಆಕಾರದ ತಳಿಗಳಿಗೆ ಇನ್ನೊಂದು ದೌರ್ಬಲ್ಯ: ನೀರು ಒಂದು ದಿನ ಹೆಚ್ಚು ಒಂದು ದಿನ ಕಮ್ಮಿಯಾದರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಕಾಯಿಗೆ ಸುಣ್ಣದ ಅಂಶ ತಲುಪದೆ ಹೀಗಾಗುತ್ತದೆ. ಕೆಲಸದ ಮೇಲೆ ಆಗಾಗ ಊರು ಬಿಡುವವರು ಉದ್ದನೆಯ ತಳಿ ಬಿಟ್ಟು ಗುಂಡಗಿನದ್ದನ್ನು ಹಾಕುವುದು ಒಳ್ಳೆಯದು.

ಬೀಜ ತರುವಾಗ, ಬೀಜ ಎತ್ತುವಾಗ

ಪೊಟ್ಟಣದ ಹಿಂಭಾಗ ಓದದೆ ದುಡ್ಡು ಕೊಡಬೇಡಿ. ಪರೀಕ್ಷೆ ಮಾಡಿದ ದಿನಾಂಕ, ಬಳಕೆಯ ಕೊನೆ ದಿನಾಂಕ, ಮೊಳಕೆ ಪ್ರಮಾಣ ಮೂರನ್ನೂ ನೋಡಿ. ಟೊಮೇಟೊಗೆ ಮೊಳಕೆ ಪ್ರಮಾಣ ಕನಿಷ್ಠ 70 ಶೇಕಡಾ ಇರಬೇಕು ಅನ್ನುವುದು ನಮ್ಮ ದೇಶದ ಮಾನದಂಡ. ಎಫ್ 1 ಅಂತ ಇದ್ದರೆ ಅದು ಹೈಬ್ರಿಡ್. ಅದರ ಹಣ್ಣಿನಿಂದ ಬೀಜ ತೆಗೆದು ಹಾಕಿದರೆ ಸಸಿ ಬರುತ್ತದೆ, ಆದರೆ ಒಂದೊಂದು ಗಿಡ ಒಂದೊಂದು ಥರ. ಅರ್ಕಾ ತಳಿಗಳ ಬೀಜವನ್ನು ಹೆಸರಘಟ್ಟದ ಸಂಸ್ಥೆ ಆನ್‌ಲೈನ್‌ನಲ್ಲೂ ಮಾರುತ್ತದೆ. ಹಳೆ ನಾಟಿ ಬೀಜ ಬೇಕಾದವರು ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ನಡೆಯುವ ಬೀಜ ಮೇಳಗಳ ಮೇಲೆ ಕಣ್ಣಿಟ್ಟಿರಿ.

ಹೈಬ್ರಿಡ್ ಅಲ್ಲದ ತಳಿಯಾದರೆ ಬೀಜ ನೀವೇ ಎತ್ತಿಡಿ. ಟೊಮೇಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಪಕ್ಕದಲ್ಲಿ ಬೇರೆ ತಳಿ ಇದ್ದರೂ ಬೆರಕೆ ಆಗುವುದು ಕಮ್ಮಿ. ಗುಂಪಿನಲ್ಲಿ ಎಲ್ಲಕ್ಕಿಂತ ಆರೋಗ್ಯವಾಗಿರುವ ಗಿಡವನ್ನು ಮೊದಲೇ ಗುರುತು ಮಾಡಿ, ಅದರ ಎರಡು ಮೂರು ಹಣ್ಣನ್ನು ಗಿಡದಲ್ಲೇ ಪೂರ್ತಿ ಮಾಗಲು ಬಿಡಿ. ಲೋಳೆ ಸಮೇತ ಬೀಜವನ್ನು ಲೋಟಕ್ಕೆ ಹಿಂಡಿ ಎರಡು ಮೂರು ದಿನ ಹುದುಗಲು ಇಡಿ. ಮೇಲೆ ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ, ಹೆದರಬೇಡಿ. ಲೋಳೆ ಬಿಟ್ಟುಕೊಂಡ ಮೇಲೆ ನೀರು ಹಾಕಿ ತೊಳೆದರೆ ಗಟ್ಟಿ ಬೀಜ ತಳಕ್ಕೆ ಕೂರುತ್ತದೆ, ಜೊಳ್ಳು ತೇಲಿಹೋಗುತ್ತದೆ. ತಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಬೇಡ, ಅಂಟಿಕೊಳ್ಳುತ್ತದೆ. ಮುರುಟಿದ ಎಲೆಯ ಗಿಡದಿಂದ ಮಾತ್ರ, ಹಣ್ಣು ಎಷ್ಟೇ ಚೆಂದ ಇದ್ದರೂ, ಬೀಜ ಎತ್ತಬೇಡಿ. ಚೆನ್ನಾಗಿ ಒಣಗಿದ ಬೀಜವನ್ನು ತಳಿಯ ಹೆಸರು, ನಾಟಿ ಮಾಡಿದ ತಿಂಗಳು ಎರಡನ್ನೂ ಬರೆದ ಲಕೋಟೆಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿಟ್ಟರೆ ಮೂರು ನಾಲ್ಕು ವರ್ಷ ಮೊಳಕೆ ಬರುತ್ತದೆ.